ಆಟದವನಿಗೆ ಹೆಣ್ಣು ಕೊಡುವ ಮಾತು

ಲಂಡನ್
ಸೆಪ್ಟೆಂಬರ್ ಕೊನೆಯ ಭಾನುವಾರ

ಅಪ್ಪಯ್ಯನಿಗೂ ಅಮ್ಮನಿಗೂ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ನೀವೆಲ್ಲ ಕ್ಷೇಮ ಎಂದು ನಂಬಿದ್ದೇನೆ. ಗುಂಡನ ಪರೀಕ್ಷೆ ಮುಗಿಯಿತಾ? ದೊಡ್ಡಮ್ಮನ ಕಾಲುನೋವು ಹೇಗಿದೆ? ಅಮ್ಮ ಕಳಿಸಿದ ಹಪ್ಪಳದ ಕಟ್ಟು ಬಂತು. ನಾಲ್ಕು ಮುರಿದಿದ್ದವು, ಅಷ್ಟೇ.

ಅಪ್ಪಯ್ಯ, ನಿಮ್ಮ ಕಾಗದ ಹೋದ ಮಂಗಳವಾರ ಸಿಕ್ಕಿತು. ರಾತ್ರಿ ಪಾಳಿ ಮುಗಿಸಿ ಬಂದವಳು ಬೂಟು ಸಹ ಬಿಚ್ಚದೆ ಓದಿದೆ. ಆಮೇಲೆ ಇನ್ನೆರಡು ಸಲ ಓದಿದೆ. ಫೋನಿನಲ್ಲಿ ಮಾತಾಡುವಾಗ ಮನೆ ತುಂಬ ಜನ, ಪುಟ್ಟಿಯೂ ಅಲ್ಲೇ ಓಡಾಡುತ್ತಿರುತ್ತಾಳೆ, ಅದಕ್ಕೇ ಕಾಗದ ಬರೆದೆ ಎಂದಿದ್ದೀರಿ. ಒಳ್ಳೆಯದೇ ಮಾಡಿದಿರಿ. ನಾನೂ ಕಾಗದದಲ್ಲೇ ಉತ್ತರ ಬರೆಯುತ್ತೇನೆ. ಸ್ವಲ್ಪ ಉದ್ದ ಆಗಬಹುದು. ಚಾವಡಿಯಲ್ಲಿ ಕೂತು ನಿಧಾನ ಓದಿ.

ತಂಗಿ ಪುಟ್ಟಿಗೆ ಬಂದ ಈ ಸಂಬಂಧದ ಮಾಣಿ ಒಳ್ಳೆಯವನು. ಮನೆತನ ಗೊತ್ತಿದ್ದದ್ದು. ಪುಟ್ಟಿಗೂ ಮನಸ್ಸಿದೆ. ಆದರೆ ಯಕ್ಷಗಾನ ಮೇಳದಲ್ಲಿ ವೇಷ ಮಾಡುವವನು, ಅದೂ ಸ್ತ್ರೀವೇಷ. ಹೇಗೆ ಕೊಡುವುದು? ಇದೇ ಅಲ್ವಾ ನಿಮ್ಮ ಸಂಕಟ? ದೀಪಾವಳಿ ಕಳೆದ ಮೇಲೆ ಆರು ತಿಂಗಳು ಊರೂರು ತಿರುಗಾಟ, ರಾತ್ರಿಯೆಲ್ಲ ನಿದ್ದೆಗೇಡು. ಪತ್ತನಾಜೆಗೆ ತಿರುಗಾಟ ಮುಗಿಯಿತು ಅಂದರೆ ಮಳೆಗಾಲವಿಡೀ ಕೆಲಸವಿಲ್ಲ. ನಾಳೆ ಕಾಲು ಸೋತರೆ ಗತಿ ಏನು? ನೆಂಟರು ಏನಂತಾರೆ? 'ನೀನು ದೊಡ್ಡವಳು, ನೀನೇ ಹೇಳು' ಎಂದು ಕೊನೆಗೆ ಬರೆದಿದ್ದೀರಿ. ಆ ಸಾಲು ಓದಿ ನನಗೆ ಅಳು ಬಂತು. ನೀವು ನನ್ನ ಹತ್ತಿರ ಹೀಗೆ ಕೇಳಿದ್ದು ಇದೇ ಮೊದಲು.

ನೀವು ಕೇಳಿದ್ದರಲ್ಲಿ ಒಂದು ಪ್ರಶ್ನೆಯೂ ಸುಮ್ಮನೆ ಕೇಳಿದ್ದಲ್ಲ. ನಾಲ್ಕು ದಿನದಿಂದ ಇದನ್ನೇ ಯೋಚಿಸುತ್ತಿದ್ದೇನೆ. ಯೋಚಿಸುವಾಗಲೆಲ್ಲ ಇಲ್ಲಿಯ ಒಂದು ನಾಟಕಶಾಲೆಯ ಕತೆ ನೆನಪಿಗೆ ಬರುತ್ತದೆ. ನಾನೂರು ವರ್ಷದ ಹಿಂದೆ ಇದೇ ಊರಿನಲ್ಲಿ ಆಟದವರು ಬದುಕಿದ್ದು ಹೇಗೆ, ಯಾರು ಮುಳುಗಿದರು, ಯಾರು ದಡ ಸೇರಿದರು ಎಂಬ ಕತೆ. ಅದನ್ನು ನಿಮಗೆ ಹೇಳಲೇಬೇಕು.

ನಾನು ಕೆಲಸ ಮಾಡುವ ಆಸ್ಪತ್ರೆಯಿಂದ ಥೇಮ್ಸ್ ನದಿಯ ದಂಡೆ ಹಿಡಿದು ನಡೆದರೆ ಗ್ಲೋಬ್ ಎಂಬ ಆ ನಾಟಕಶಾಲೆ ಸಿಗುತ್ತದೆ. ಹೋದ ವರ್ಷ ಫೋಟೋ ಕಳಿಸಿದ್ದೆ. ಅಮ್ಮ ನೋಡಿ 'ಇದೇನು, ಹುಲ್ಲುಕುತ್ತರಿಯಾ' ಎಂದು ಕೇಳಿದ್ದಳು. ಅದೇ. ದುಂಡಗಿನ ಮರದ ಕಟ್ಟಡ, ಮೂರು ಅಂತಸ್ತು, ನಡುವೆ ಸೂರಿಲ್ಲದ ಅಂಗಳ. ಸುತ್ತಲಿನ ಅಂತಸ್ತುಗಳ ಮೇಲೆ ಮಾತ್ರ ಹುಲ್ಲಿನ ಮಾಡು. ನಮ್ಮ ಹಳೇ ಮನೆಗೆ ಮುಳಿಹುಲ್ಲು ಹೊದೆಸುತ್ತಿದ್ದರು ಎಂದು ನೀವು ಹೇಳುತ್ತಿದ್ದಿರಲ್ಲ, ಹಾಗೆಯೇ. ಇಲ್ಲಿ 1666ರಲ್ಲಿ ಊರಿಗೆ ಊರೇ ಸುಟ್ಟುಹೋದ ಮೇಲೆ ಹುಲ್ಲಿನ ಮಾಡಿಗೆ ಅನುಮತಿ ಸಿಕ್ಕಿದ್ದು ಇದೊಂದಕ್ಕೇ. ಬೆಂಕಿ ಬಿದ್ದರೆ ತಕ್ಷಣ ನೀರು ಚಿಮ್ಮಲಿ ಎಂದು ಮಾಡಿನ ತುಂಬ ಕೊಳವೆ ಇಟ್ಟಿದ್ದಾರೆ.

ಈಗ ಇರುವ ಕಟ್ಟಡ 1997ರದ್ದು. ಸ್ಯಾಮ್ ವಾನಾಮೇಕರ್ ಎಂಬ ಅಮೆರಿಕದ ನಟ ಹಟ ಹಿಡಿದು ಕಟ್ಟಿಸಿದ್ದು. ಪಾಪ, ಮುಗಿಯುವ ಮೊದಲೇ 1993ರಲ್ಲಿ ತೀರಿಕೊಂಡ. ಮೂಲ ಗ್ಲೋಬ್ 1599ರದ್ದು. ಅದಿದ್ದ ಜಾಗ ಅಲ್ಲಿಂದ ಒಂದು ಕೂಗಿನಷ್ಟು ದೂರದಲ್ಲಿದೆ, ಈಗ ಅದರ ಮೇಲೆ ಬೇರೆ ಕಟ್ಟಡಗಳಿವೆ.

ನನಗೆ ಇದೆಲ್ಲ ಹೇಳಿಕೊಟ್ಟದ್ದು ಒಬ್ಬ ಅಜ್ಜಿ. ಸೊಂಟದ ಮೂಳೆ ಮುರಿದು ನಮ್ಮ ವಾರ್ಡಿನಲ್ಲಿದ್ದರು. ಗ್ಲೋಬ್‌ನಲ್ಲಿ ಜನರನ್ನು ಕೂರಿಸುವ, ಬಾಗಿಲು ಕಾಯುವ ಕೆಲಸವನ್ನು ಊರಿನವರು ಸಂಬಳವಿಲ್ಲದೆ, ಪ್ರೀತಿಯಿಂದ ಮಾಡುತ್ತಾರೆ. ಅಜ್ಜಿಯೂ ವರ್ಷಗಟ್ಟಲೆ ಮಾಡಿದವರು. ರಾತ್ರಿ ನಿದ್ದೆ ಬಾರದಾಗ ಹಳೇ ನಾಟಕದವರ ಕತೆ ಹೇಳುತ್ತಿದ್ದರು. ನಾನು ಬಯಲಾಟದ ಕತೆ ಹೇಳುತ್ತಿದ್ದೆ. ಗುಣವಾಗಿ ಹೋದ ಮೇಲೆ ಒಂದು ದಿನ ಅವರೇ ನನ್ನನ್ನು ಆಟಕ್ಕೆ ಕರೆದುಕೊಂಡು ಹೋದರು.

ಅಂಗಳದಲ್ಲಿ ನಿಂತು ನೋಡುವ ಟಿಕೆಟ್ 5 ಪೌಂಡ್‌ನಿಂದ ಶುರು. ನಿಲ್ಲಲೇಬೇಕು, ಕೂರುವ ಹಾಗಿಲ್ಲ. ಮಳೆ ಬಂದರೆ ಕೊಡೆ ಬಿಡಿಸುವ ಹಾಗಿಲ್ಲ, ಹಿಂದಿನವರಿಗೆ ಕಾಣುವುದಿಲ್ಲ ಎಂದು. ಜನ ಪ್ಲಾಸ್ಟಿಕ್ ಅಂಗಿ ಹೊದ್ದು ನೆನೆಯುತ್ತ ನಿಂತಿದ್ದರು. ನಾನೂ ನಿಂತೆ. ಮೈಕು ಇಲ್ಲ. ವೇಷಧಾರಿಗಳು ಜನರ ಮುಖ ನೋಡಿ ಮಾತಾಡುತ್ತಾರೆ, ಜನ ನಡುವೆ ಉತ್ತರ ಕೊಡುತ್ತಾರೆ. ನಮ್ಮ ಗದ್ದೆ ಬಯಲಿನಲ್ಲಿ ನಿಮ್ಮ ತೊಡೆಯ ಮೇಲೆ ಕೂತು ನೋಡಿದ ಆಟ ಕಣ್ಣ ಮುಂದೆ ಬಂತು. ಗಂಟಲು ಕಟ್ಟಿತು. ಅಜ್ಜಿ ಚಳಿ ಆಗ್ತಾ ಇದೆಯಾ ಎಂದು ಕೇಳಿದರು. ಹೌದು ಎಂದೆ.

ಹಳೇ ಕಾಲದ ಪದ್ಧತಿ ಕೇಳಿದರೆ ಟೆಂಟಿನ ಮೇಳದ ಹಾಗೆಯೇ ಇತ್ತು. ನಮ್ಮಲ್ಲಿ ನೆಲಕ್ಕೆ ಒಂದು ದರ, ಕುರ್ಚಿಗೆ ಒಂದು ದರ ಇತ್ತಲ್ಲ? ಇಲ್ಲಿ ಅಂಗಳದಲ್ಲಿ ನಿಲ್ಲಲು ಒಂದು ಪೆನ್ನಿ. ಮೇಲೆ ಬೆಂಚಿನಲ್ಲಿ ಕೂರಬೇಕಾದರೆ ಇನ್ನೊಂದು ಪೆನ್ನಿ. ದಿಂಬು ಬೇಕಾದರೆ ಮತ್ತೊಂದು. ಸ್ವಿಟ್ಜರ್ಲೆಂಡಿನ ಥಾಮಸ್ ಪ್ಲಾಟರ್ ಎಂಬವನು 1599ರಲ್ಲಿ ಇಲ್ಲಿಗೆ ಬಂದಿದ್ದ. ಈ ದರಗಳನ್ನೆಲ್ಲ ಅವನು ಬರೆದಿಟ್ಟಿದ್ದಾನೆ. ಸೆಪ್ಟೆಂಬರ್ 21ರಂದು ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ನದಿ ದಾಟಿ ಹೋಗಿ ಹುಲ್ಲಿನ ಮಾಡಿನ ನಾಟಕಶಾಲೆಯಲ್ಲಿ ಜೂಲಿಯಸ್ ಸೀಸರನ ಆಟ ನೋಡಿದನಂತೆ. ಮುಗಿದ ಮೇಲೆ ವೇಷಧಾರಿಗಳು ಚೆಂದಾಗಿ ಕುಣಿದರಂತೆ, ಇಬ್ಬರು ಗಂಡುವೇಷದಲ್ಲಿ, ಇಬ್ಬರು ಹೆಣ್ಣುವೇಷದಲ್ಲಿ.

ಆಟ ಹಗಲಿನಲ್ಲಿ. ದೀಪದ ಖರ್ಚಿಲ್ಲ. ಇವತ್ತು ಆಟ ಇದೆ ಎಂದು ತಿಳಿಯಲು ಮಾಡಿನ ಮೇಲೆ ಬಾವುಟ. ಶುರುವಾಗುವ ಮೊದಲು ಮೂರು ಸಲ ಕಹಳೆ, ನಮ್ಮಲ್ಲಿ ಆಟ ಸಾರಲು ಚೆಂಡೆಯಲ್ಲಿ 'ಕೇಳಿ' ಬಡಿಯುವ ಹಾಗೆ. ರಂಗಸ್ಥಳದ ಹಿಂದೆ ಬಣ್ಣದ ಕೋಣೆ, ಅದೇ ಅವರ ಚೌಕಿ. ರಂಗಸ್ಥಳದ ಮೇಲೊಂದು ಚಪ್ಪರ. ಅದರ ಒಳಮೈಗೆ ಸೂರ್ಯ, ಚಂದ್ರ, ರಾಶಿಗಳ ಚಿತ್ರ. ಅದಕ್ಕೆ ಸ್ವರ್ಗ ಎಂದೇ ಹೆಸರು. ಕೆಳಗೆ ಹಲಗೆಯಲ್ಲಿ ಒಂದು ಕಿಂಡಿಬಾಗಿಲು. ಭೂತ, ಪಿಶಾಚಿ ಬರುವುದು ಅಲ್ಲಿಂದ. ಗ್ಲೋಬ್‌ಗಿಂತ ಹಳೆಯ ರೋಸ್ ಎಂಬ ನಾಟಕಶಾಲೆಯ ಅಡಿಪಾಯ 1989ರಲ್ಲಿ ಅಗೆಯುವಾಗ ಸಿಕ್ಕಿತು. ನೆಲದ ತುಂಬ ಹೇಝಲ್ ಕಾಯಿಯ ಸಿಪ್ಪೆ, ಕಾಸು ಹಾಕುವ ಮಣ್ಣಿನ ಹುಂಡಿಗಳ ಚೂರು ಇದ್ದವಂತೆ. ನಾವು ನೆಲಗಡಲೆ ತಿಂದು ಸಿಪ್ಪೆ ಚೆಲ್ಲುತ್ತಿದ್ದೆವಲ್ಲ!

ವೇಷಧಾರಿಗೆ ನಾಟಕದ ಪೂರ್ತಿ ಪುಸ್ತಕ ಕೊಡುತ್ತಿರಲಿಲ್ಲ. ಅವನ ಮಾತು ಮಾತ್ರ ಬರೆದ ಒಂದು ಕಾಗದದ ಸುರುಳಿ. ಜೊತೆಗೆ, ಎದುರಿನವನ ಮಾತಿನ ಕೊನೆಯ ಎರಡು ಮೂರು ಪದ. ಅದನ್ನು ಬಾಯಿಪಾಠ ಮಾಡಿ ವಾರದಲ್ಲಿ ಐದಾರು ಬೇರೆ ಬೇರೆ ನಾಟಕ ಆಡಬೇಕು. ಅಜ್ಜಿ ಇದನ್ನು ಭಾರೀ ಹೆಮ್ಮೆಯಿಂದ ಹೇಳಿದರು. ನಾನು ಬಿಡಲಿಲ್ಲ. ನಮ್ಮವರ ಕೈಯಲ್ಲಿ ಆ ಸುರುಳಿಯೂ ಇಲ್ಲ ಅಜ್ಜಿ, ಪದ ಭಾಗವತರ ಬಾಯಲ್ಲಿ, ಅರ್ಥ ವೇಷಧಾರಿಯ ತಲೆಯಲ್ಲಿ, ಬೆಳಗಿನ ತನಕ ಎಂದೆ. ಅವರು ಎದ್ದು ಕೂತರು. ಮತ್ತೆ ಮತ್ತೆ ಕೇಳಿದರು.

ಈಗ ಸ್ತ್ರೀವೇಷದ ಮಾತು. ಅಪ್ಪಯ್ಯ, ಆ ಕಾಲದಲ್ಲಿ ಇಲ್ಲಿ ಹೆಂಗಸರು ರಂಗ ಹತ್ತುತ್ತಲೇ ಇರಲಿಲ್ಲ. 1660ರ ತನಕವೂ ಇಲ್ಲ. ರಾಣಿ, ರಾಜಕುಮಾರಿ, ದಾಸಿ ಎಲ್ಲವನ್ನೂ ಹುಡುಗರೇ ಮಾಡುತ್ತಿದ್ದರು. ಹಿರಿಯ ನಟರ ಮನೆಯಲ್ಲಿ ಶಿಷ್ಯರಾಗಿ ಇದ್ದು ಕಲಿಯುತ್ತಿದ್ದರು. ಅಗಸ್ಟಿನ್ ಫಿಲಿಪ್ಸ್ ಎಂಬ ನಟ 1605ರಲ್ಲಿ ಸಾಯುವಾಗ ತನ್ನ ಇಬ್ಬರು ಶಿಷ್ಯರಿಗೆ ದುಡ್ಡು, ಬಟ್ಟೆ, ತಾನು ನುಡಿಸುತ್ತಿದ್ದ ವಾದ್ಯಗಳನ್ನೆಲ್ಲ ಉಯಿಲು ಬರೆದಿಟ್ಟ. ಮಕ್ಕಳಿಗೆ ಬಿಟ್ಟ ಹಾಗೆ. ರಿಚರ್ಡ್ ರಾಬಿನ್ಸನ್ ಎಂಬ ಹುಡುಗ ಹೆಣ್ಣುವೇಷಕ್ಕೆ ಹೆಸರಾಗಿದ್ದ. ಅವನ ಹೆಣ್ಣಿನ ನಡೆನುಡಿಯನ್ನು ಬೆನ್ ಜಾನ್ಸನ್ ಎಂಬ ನಾಟಕಕಾರ ತನ್ನ ನಾಟಕದೊಳಗೇ ಹೊಗಳಿದ್ದಾನೆ. ಅವನೇ ಮುಂದೆ ಷೇಕ್ಸ್‌ಪಿಯರನ ಮೇಳದ ದೊಡ್ಡ ನಟನಾದ, ಪಾಲುದಾರನಾದ, ಅಲ್ಲಿಯ ಮುಖ್ಯ ನಟ ರಿಚರ್ಡ್ ಬರ್ಬೇಜ್ ತೀರಿಕೊಂಡ ಮೇಲೆ ಅವನ ಹೆಂಡತಿಯನ್ನು ಮದುವೆಯಾಗಿ ಸಂಸಾರ ಮಾಡಿದ. ಹೆಣ್ಣುವೇಷ ಮಾಡಿದವನ ಗಂಡಸುತನ ಎಲ್ಲಿಗೂ ಹೋಗುವುದಿಲ್ಲ. ನೆಂಟರ ಆ ಕುಹಕವನ್ನು ನೀವು ಕಿವಿಗೆ ಹಾಕಿಕೊಳ್ಳಬೇಡಿ. ಸ್ತ್ರೀವೇಷದವನ ದಾಕ್ಷಾಯಿಣಿ ನೋಡಿ ನೀವು ಟವಲಿನಲ್ಲಿ ಕಣ್ಣು ಒರೆಸಿಕೊಂಡದ್ದನ್ನು ನಾನು ಕಂಡಿದ್ದೇನೆ.

ಆಟ ಬೇಕು, ಆಟದವನು ಬೇಡ. ಈ ಮಾತು ನಿಮ್ಮೊಬ್ಬರದ್ದಲ್ಲ. ಈ ಊರಿನದೂ ಅದೇ ಕತೆ. ನಾಟಕಶಾಲೆಗೆ ಒಂದು ಮಧ್ಯಾಹ್ನ ಎರಡು ಮೂರು ಸಾವಿರ ಜನ ನುಗ್ಗುತ್ತಿದ್ದರು. ಆದರೆ ಲಂಡನ್ನಿನ ಹಿರಿಯರು ಊರೊಳಗೆ ನಾಟಕಶಾಲೆ ಕಟ್ಟಲು ಬಿಡುತ್ತಿರಲಿಲ್ಲ. ಅದಕ್ಕೇ ಹೆಚ್ಚಿನ ಶಾಲೆಗಳೆಲ್ಲ ಗಡಿಯಾಚೆ, ಉತ್ತರಕ್ಕೆ ಶೋರ್‌ಡಿಚ್‌ನಲ್ಲಿ, ಇಲ್ಲವೇ ನದಿಯ ಈಚೆ ದಂಡೆಯಲ್ಲಿ. 1572ರಲ್ಲಿ ಒಂದು ಕಾನೂನು ಬಂತು. ಯಾವುದಾದರೂ ದೊರೆಯ ಹೆಸರಿನ ಆಸರೆ ಇಲ್ಲದೆ ಆಟವಾಡುತ್ತ ತಿರುಗುವವನು ಅಲೆಮಾರಿ ಪೋಕರಿ ಎಂದು ಲೆಕ್ಕ. ಸಿಕ್ಕಿಬಿದ್ದರೆ ಚಾಟಿ ಏಟು, ಬಲಗಿವಿಗೆ ಕಾಸಿದ ಕಬ್ಬಿಣದ ತೂತು. ಅದಕ್ಕೇ ಮೇಳಗಳಿಗೆಲ್ಲ ದೊರೆಗಳ ಹೆಸರು. ಷೇಕ್ಸ್‌ಪಿಯರನ ಮೇಳ ಮೊದಲು ಲಾರ್ಡ್ ಚೇಂಬರ್ಲೇನನದ್ದು, 1603ರಿಂದ ರಾಜನದ್ದೇ. ನಮ್ಮ ಮೇಳಗಳಿಗೆ ದೇವಸ್ಥಾನದ ಹೆಸರಿನ ಆಸರೆ ಇರುವ ಹಾಗೆ.

ಈಗ ದುಡ್ಡಿನ ಮಾತಿಗೆ ಬರುತ್ತೇನೆ. ನಿಮಗೆ ರಾತ್ರಿ ನಿದ್ದೆ ಕೆಡಿಸಿದ್ದು ಇದೇ ಎಂದು ನನಗೆ ಗೊತ್ತು.

ಜೇಮ್ಸ್ ಬರ್ಬೇಜ್ ಎಂಬವನು ಕಸುಬಿನಲ್ಲಿ ಬಡಗಿ, ಆಮೇಲೆ ನಟ. 1576ರಲ್ಲಿ ದಿನಸಿ ವ್ಯಾಪಾರದ ಭಾವನ ದುಡ್ಡು ಸೇರಿಸಿಕೊಂಡು ಶೋರ್‌ಡಿಚ್‌ನಲ್ಲಿ ಒಂದು ನಾಟಕಶಾಲೆ ಕಟ್ಟಿದ. ಅದಕ್ಕೆ ಥಿಯೇಟರ್ ಎಂದೇ ಹೆಸರಿಟ್ಟ. ಜಾಗ ಬೇರೆಯವನದ್ದು, 21 ವರ್ಷದ ಗೇಣಿ. ಗೇಣಿ ಮುಗಿಯುವ ಹೊತ್ತಿಗೆ 1596ರಲ್ಲಿ ಇದ್ದ ದುಡ್ಡೆಲ್ಲ ಸುರಿದು, 600 ಪೌಂಡ್ ಕೊಟ್ಟು ಬ್ಲ್ಯಾಕ್‌ಫ್ರೈಯರ್ಸ್ ಎಂಬಲ್ಲಿ ಇನ್ನೊಂದು ಕಟ್ಟಡ ಕೊಂಡ. ಅಕ್ಕಪಕ್ಕದ ದೊಡ್ಡ ಮನೆಯವರು ಗಲಾಟೆ ಬೇಡ ಎಂದು ಅರ್ಜಿ ಹಾಕಿ ತಡೆದರು. ಮರುವರ್ಷವೇ ಅವನು ತೀರಿಕೊಂಡ. ಮಕ್ಕಳ ಕೈಯಲ್ಲಿ ಆಟವಾಡಲು ಬಾರದ ಒಂದು ಕಟ್ಟಡ, ಮುಗಿದುಹೋದ ಗೇಣಿಯ ಜಾಗದಲ್ಲಿ ಒಂದು ಶಾಲೆ. ದುಡ್ಡಿಲ್ಲ.

ಆಗ ಏನು ಮಾಡಿದರು ಗೊತ್ತಾ? 1598ರ ಡಿಸೆಂಬರ್ 28. ಮೈ ಕೊರೆಯುವ ಚಳಿ. ಜಾಗದ ಯಜಮಾನ ಊರಲ್ಲಿಲ್ಲ. ಬರ್ಬೇಜನ ಇಬ್ಬರು ಮಕ್ಕಳು ಪೀಟರ್ ಸ್ಟ್ರೀಟ್ ಎಂಬ ಬಡಗಿಯನ್ನೂ ಆಳುಗಳನ್ನೂ ಕರೆದುಕೊಂಡು ಬಂದು ಶಾಲೆಯ ಮರವನ್ನೆಲ್ಲ ಬಿಚ್ಚಿದರು. ಜಾಗ ನಿನ್ನದು, ಮರ ನಮ್ಮ ಅಪ್ಪನದ್ದು ಎಂಬುದು ಅವರ ವಾದ. ಯಜಮಾನ ಆಮೇಲೆ ಕೋರ್ಟಿಗೆ ಹೋದ, ಗೆಲ್ಲಲಿಲ್ಲ. ಅದೇ ತೊಲೆಗಳನ್ನು ನದಿ ದಾಟಿಸಿ ಈಚೆ ದಂಡೆಯಲ್ಲಿ ಹೊಸ ಶಾಲೆ ಎಬ್ಬಿಸಿದರು. ಅದೇ ಗ್ಲೋಬ್. ಬೆಳಗಿನ ಜಾವ ಮಂಗಳ ಹಾಡಿದ ಮೇಲೆ ಟೆಂಟು, ಕಂಬ, ಪೆಟ್ಟಿಗೆ ಎಲ್ಲ ಲಾರಿಗೆ ಹೇರಿ ಮುಂದಿನ ಊರಿಗೆ ಹೊರಡುತ್ತಿದ್ದರಲ್ಲ, ನನಗೆ ಅದೇ ನೆನಪಾಯಿತು.

ಮರ ಇದ್ದರೆ ಸಾಲದು, ಕಟ್ಟಲು ದುಡ್ಡು ಬೇಕು. ಅದಕ್ಕೆ ಅಣ್ಣತಮ್ಮ ಅರ್ಧ ಪಾಲು ಇಟ್ಟುಕೊಂಡು, ಉಳಿದ ಅರ್ಧವನ್ನು ಐವರು ನಟರಿಗೆ ಹಂಚಿದರು. ಒಬ್ಬೊಬ್ಬನಿಗೆ ಹತ್ತರಲ್ಲಿ ಒಂದು ಪಾಲು. ಷೇಕ್ಸ್‌ಪಿಯರ್ ಆ ಐವರಲ್ಲಿ ಒಬ್ಬ. ಅಪ್ಪಯ್ಯ, ಕತೆಯ ಗುಟ್ಟು ಇರುವುದೇ ಇಲ್ಲಿ. ಅಲ್ಲಿಯ ತನಕ ನಟ ಎಂದರೆ ಹೆಚ್ಚಾಗಿ ಇನ್ನೊಬ್ಬರ ಶಾಲೆಯಲ್ಲಿ ಆಡುವವನು. ಇವರು ತಾವೇ ಆಡುವ ಶಾಲೆಗೆ ತಾವೇ ಒಡೆಯರಾದರು. ಅಂಗಳದ ಒಂದು ಪೆನ್ನಿ, ಬೆಂಚಿನ ಎರಡು ಪೆನ್ನಿ, ಎಲ್ಲದರಲ್ಲೂ ಪಾಲು ಬಂತು.

ಷೇಕ್ಸ್‌ಪಿಯರ್ ನಾಟಕ ಬರೆದು ಸಾಹುಕಾರನಾದ ಎಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಆ ಕಾಲದಲ್ಲಿ ಒಂದು ಹೊಸ ನಾಟಕ ಬರೆದುಕೊಟ್ಟರೆ 6 ಪೌಂಡ್ ಆಸುಪಾಸು ಸಿಗುತ್ತಿತ್ತು. ಜರಿಯ ಕಸೂತಿ ಇದ್ದ ಒಂದೇ ಒಂದು ಮಖಮಲ್ಲಿನ ನಿಲುವಂಗಿಗೆ 20 ಪೌಂಡ್‌ಗಿಂತ ಜಾಸ್ತಿ ಕೊಟ್ಟ ಲೆಕ್ಕ ಇದೆ. ಅವನನ್ನು ದಡ ಸೇರಿಸಿದ್ದು ಮೇಳದ ಪಾಲು, ಶಾಲೆಯ ಪಾಲು. ಇನ್ನೊಂದು ಕಡೆ, ಕೂಲಿಗೆ ಬರುತ್ತಿದ್ದ ನಟರೂ ಇದ್ದರು. 1597ರ ಒಂದು ಒಪ್ಪಂದದಲ್ಲಿ ಕೂಲಿ ನಟನಿಗೆ ಲಂಡನ್ನಿನಲ್ಲಿ ಆಡುವಾಗ ವಾರಕ್ಕೆ 10 ಶಿಲ್ಲಿಂಗ್, ಎಂದರೆ ಅರ್ಧ ಪೌಂಡ್, ತಿರುಗಾಟದಲ್ಲಿ 5 ಶಿಲ್ಲಿಂಗ್. ಅಂದರೆ ಒಂದೇ ರಂಗಸ್ಥಳದ ಮೇಲೆ ಒಬ್ಬ ಮನೆ ಕಟ್ಟುತ್ತಿದ್ದ, ಪಕ್ಕದಲ್ಲಿ ನಿಂತವನಿಗೆ ನಾಳೆಯ ಊಟದ ಚಿಂತೆ. ವೇಷ ನೋಡಿದರೆ ಇದು ಗೊತ್ತಾಗುವುದಿಲ್ಲ.

ಹಾಗಾಗಿ ಮಾಣಿ ಆಟದವನಾ ಎಂದು ಕೇಳುವುದು ಬಿಡಿ. ಅವನಿಗೆ ಮೇಳದಲ್ಲಿ ಏನು ಸಿಗುತ್ತದೆ, ಅದನ್ನು ಕೇಳಿ. ತಿರುಗಾಟಕ್ಕೆ ಇಷ್ಟು ಎಂದು ಗೊತ್ತುಮಾಡಿದ್ದಾರಾ, ಆಟಕ್ಕೆ ಇಷ್ಟು ಅಂತಲಾ? ಮುಂಗಡ ತೆಗೆದುಕೊಂಡು ಸಾಲದಲ್ಲಿ ಇದ್ದಾನಾ? ಕಾಯಿಲೆ ಬಿದ್ದ ದಿನದ ಸಂಬಳ ಕಡಿಯುತ್ತಾರಾ? ಮಳೆಗಾಲದಲ್ಲಿ ಬೆಂಗಳೂರು, ಮುಂಬೈ ಕಡೆ ಆಟಕ್ಕೆ ಹೋಗುತ್ತಾನಾ, ಮಕ್ಕಳಿಗೆ ಹೆಜ್ಜೆ ಹೇಳಿಕೊಡುತ್ತಾನಾ, ತೋಟದ ಕೆಲಸ ಗೊತ್ತಾ? ನಾಚಿಕೆ ಪಡದೆ ಕೇಳಿ. ಬ್ಯಾಂಕಿನ ಹುಡುಗನಾದರೆ ಸಂಬಳ ಕೇಳುತ್ತಿದ್ದಿರಿ ಅಲ್ವಾ? ಇವನನ್ನೂ ಹಾಗೇ ಮರ್ಯಾದೆಯಿಂದ ಕೇಳಿ. ಅವನಿಗೂ ಸಂತೋಷವೇ ಆಗುತ್ತದೆ.

ಮಳೆಗಾಲದ ಭಯ ಇಲ್ಲಿಯೂ ಇತ್ತು. ಇಲ್ಲಿ ಮಳೆಯ ಬದಲು ಪ್ಲೇಗು. ಊರಲ್ಲಿ ಸಾವು ಜಾಸ್ತಿಯಾದ ಕೂಡಲೇ ನಾಟಕಶಾಲೆಗಳಿಗೆ ಬೀಗ. 1592ರಿಂದ 1594ರ ತನಕ ಹೆಚ್ಚು ಕಡಿಮೆ ಬಾಗಿಲು ಹಾಕಿಯೇ ಇತ್ತು. 1603ರಲ್ಲಿ ಮತ್ತೆ. ನಾವು ಕೊರೋನಾ ಕಾಲದಲ್ಲಿ ಕಂಡೆವಲ್ಲ, ಮೇಳಗಳು ಅರ್ಧಕ್ಕೇ ತಿರುಗಾಟ ನಿಲ್ಲಿಸಿದ್ದು. 1593ರಲ್ಲಿ ಒಂದು ಮೇಳದವರು ಹಳ್ಳಿ ಕಡೆ ತಿರುಗಾಟ ಹೋಗಿ ಖರ್ಚೂ ಹುಟ್ಟದೆ ವಾಪಸ್ ಬಂದರು. ವೇಷದ ಬಟ್ಟೆಗಳನ್ನೇ ಒತ್ತೆ ಇಡಬೇಕಾಯಿತು. ಇದನ್ನು ಮುಚ್ಚಿಟ್ಟು ನಿಮಗೆ ಬರೀ ಚೆಂದದ ಕತೆ ಹೇಳಲು ನನಗೆ ಮನಸ್ಸಿಲ್ಲ.

ಆದರೆ ಅದೇ ವರ್ಷದ ಇನ್ನೊಂದು ಕತೆ ಇದೆ. ಇದನ್ನು ಅಮ್ಮನಿಗೂ ಪುಟ್ಟಿಗೂ ಗಟ್ಟಿಯಾಗಿ ಓದಿ ಹೇಳಿ.

ರೋಸ್ ಶಾಲೆಯ ಯಜಮಾನ ಫಿಲಿಪ್ ಹೆನ್‌ಸ್ಲೋ. ಭಾರೀ ಲೆಕ್ಕದ ಮನುಷ್ಯ, ಅವನ ಲೆಕ್ಕದ ಪುಸ್ತಕ ಇವತ್ತಿಗೂ ಇದೆ. ಆಟದವರ ಸಾಲ, ಜಗಳ, ಬಡತನ ಅವನಷ್ಟು ಬಲ್ಲವರು ಯಾರೂ ಇರಲಿಲ್ಲ. ಹೆಂಡತಿಯ ಮೊದಲ ಮದುವೆಯ ಮಗಳು ಜೋನ್ ಅವನ ಮನೆಯಲ್ಲೇ ಬೆಳೆದಳು. ಅವಳನ್ನು ಅವನು ಕೊಟ್ಟದ್ದು ಎಡ್ವರ್ಡ್ ಆಲೆನ್ ಎಂಬ ನಟನಿಗೆ. 1592ರ ಅಕ್ಟೋಬರಿನಲ್ಲಿ ಮದುವೆ. ಮರುವರ್ಷ ಪ್ಲೇಗು. ಆಲೆನ್ ಮೇಳದ ಜೊತೆ ತಿರುಗಾಟ ಹೊರಟ. ಹೊಸ ಹೆಂಡತಿ ಲಂಡನ್ನಿನಲ್ಲಿ, ಸುತ್ತ ಸಾವು.

ಅವನು ಬ್ರಿಸ್ಟಲ್ ಊರಿನಿಂದ ಆಗಸ್ಟ್ ಒಂದಕ್ಕೆ ಬರೆದ ಕಾಗದ ಉಳಿದಿದೆ. ಅಜ್ಜಿ ಮೊಬೈಲಿನಲ್ಲಿ ಮೂಲ ಕಾಗದದ ಚಿತ್ರವನ್ನೇ ತೋರಿಸಿದರು. ಹೆಂಡತಿಯನ್ನು ಅವನು ಕರೆಯುವುದು ಮುದ್ದು ಇಲಿಯೇ ಎಂದು! ಮನೆ ಚೊಕ್ಕಟ ಇಟ್ಟುಕೋ. ದಿನಾ ಸಂಜೆ ಬಾಗಿಲ ಮುಂದೆ ನೀರು ಹಾಕು. ಕಿಟಕಿಗಳಲ್ಲಿ ನಾಗದಾಳಿ ಸೊಪ್ಪು ಇಡು. ನನ್ನ ಕಿತ್ತಳೆ ಬಣ್ಣದ ಉಣ್ಣೆ ಕಾಲುಚೀಲಕ್ಕೆ ಒಳ್ಳೆಯ ಕಪ್ಪು ಬಣ್ಣ ಹಾಕಿಸಿಡು, ಬಂದ ಮೇಲೆ ಚಳಿಗಾಲಕ್ಕೆ ಬೇಕು. ಕೈತೋಟದ ಸುದ್ದಿ ನೀನು ಬರೆಯಲೇ ಇಲ್ಲ. ಪಾರ್ಸ್ಲಿ ಇದ್ದ ಪಾತಿಯಲ್ಲಿ ಸೆಪ್ಟೆಂಬರಿಗೆ ಪಾಲಕ್ ಬಿತ್ತು, ಅದಕ್ಕೆ ಅದೇ ಹೊತ್ತು. ಇವೇ ಅವನ ಕಾಗದದ ಮಾತು.

ಅಪ್ಪಯ್ಯ, ನಾನು ಅದನ್ನು ಓದಿ ಸುಮ್ಮನಾದೆ. ರಾಜನ ವೇಷದಲ್ಲಿ ಸಾವಿರಾರು ಜನರನ್ನು ನಡುಗಿಸುತ್ತಿದ್ದ ಮನುಷ್ಯ. ತಿರುಗಾಟದಲ್ಲಿ ಕೂತು ಪಾಲಕ್ ಸೊಪ್ಪಿನ ಯೋಚನೆ. ನೀವು ಬೊಂಬಾಯಿಯ ಹೋಟೆಲಿನಲ್ಲಿದ್ದಾಗ ಅಮ್ಮನಿಗೆ ಬರೆದ ಕಾರ್ಡುಗಳು ಕಬ್ಬಿಣದ ಪೆಟ್ಟಿಗೆಯಲ್ಲಿ ಇವೆಯಲ್ಲ. ಬಸಳೆ ಚಪ್ಪರಕ್ಕೆ ಗೊಬ್ಬರ ಹಾಕಿದೆಯಾ ಎಂದು ಪ್ರತಿ ಕಾರ್ಡಿನಲ್ಲೂ ಕೇಳುತ್ತಿದ್ದಿರಿ. ನೀವೂ ವರ್ಷದಲ್ಲಿ ಹನ್ನೊಂದು ತಿಂಗಳು ಮನೆಯಲ್ಲಿ ಇರಲಿಲ್ಲ. ಅಮ್ಮ ಸಂಸಾರ ಮಾಡಲಿಲ್ಲವಾ? ಮೇಳದವನು ಆರು ತಿಂಗಳಾದರೂ ಮನೆಯಲ್ಲಿ ಇರುತ್ತಾನೆ. ಅದೂ ಮಳೆಗಾಲದಲ್ಲಿ, ಗದ್ದೆ ಕೆಲಸದ ಹೊತ್ತಿಗೆ. ಇದನ್ನು ನಿಮ್ಮ ಮನಸ್ಸು ನೋಯಿಸಲು ಬರೆಯುತ್ತಿಲ್ಲ. ದೂರ ಇರುವವನು ಮನೆ ಮರೆತವನಲ್ಲ ಎಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಈಗ ನನಗೂ ಗೊತ್ತು.

ಆಲೆನ್, ಜೋನ್ ಇಬ್ಬರೂ ಮೂವತ್ತು ವರ್ಷ ಸಂಸಾರ ಮಾಡಿದರು. ಮಕ್ಕಳಾಗಲಿಲ್ಲ. ಆಟದಿಂದ, ನಾಟಕಶಾಲೆಯ ಪಾಲಿನಿಂದ ದುಡಿದ ದುಡ್ಡಿನಲ್ಲಿ ಅವನು ಡಲ್‌ವಿಚ್ ಎಂಬಲ್ಲಿ ಜಮೀನು ಕೊಂಡು 1619ರಲ್ಲಿ ಬಡಮಕ್ಕಳಿಗೆ ಶಾಲೆ, ಮುದುಕರಿಗೆ ಆಶ್ರಯ ಕಟ್ಟಿಸಿದ. ಡಲ್‌ವಿಚ್ ಕಾಲೇಜು ಈಗಲೂ ನಡೆಯುತ್ತಿದೆ. ಆ ಕಾಗದ, ಮಾವನ ಲೆಕ್ಕದ ಪುಸ್ತಕ ಎರಡೂ ಅಲ್ಲಿಯೇ ಇವೆ.

ಕಾಲು ಸೋತರೆ ಗತಿ ಏನು ಎಂದು ಕೇಳಿದ್ದಿರಿ. ಅದಕ್ಕೆ ನನ್ನ ಹತ್ತಿರ ಕತೆಯ ಉತ್ತರ ಇಲ್ಲ. ನರ್ಸಿನ ಉತ್ತರ ಇದೆ. ರಾತ್ರಿಯೆಲ್ಲ ಕುಣಿಯುವವರಿಗೆ ಮಂಡಿ, ಸೊಂಟ ಬೇಗ ಸವೆಯುತ್ತವೆ. ಆರೋಗ್ಯ ವಿಮೆ ಮಾಡಿಸಿದ್ದಾನಾ ಕೇಳಿ. ಇಲ್ಲದಿದ್ದರೆ ಮದುವೆಗೆ ಮೊದಲೇ ಮಾಡಿಸಲಿ. ಮೊದಲ ವರ್ಷದ ಕಂತು ನನ್ನದು. ಇದು ನನ್ನ ಉಡುಗೊರೆ, ಬೇಡ ಎನ್ನಬೇಡಿ. ಮಂಡಿನೋವು ಈಗಲೇ ಶುರುವಾಗಿದ್ದರೆ ನನಗೆ ನೇರವಾಗಿ ಫೋನ್ ಮಾಡಲಿ.

ನಮ್ಮ ಆಸ್ಪತ್ರೆಯ ಹತ್ತಿರವೇ ಸದರ್ಕ್ ಚರ್ಚು ಇದೆ. ಷೇಕ್ಸ್‌ಪಿಯರನ ಕೊನೆಯ ತಮ್ಮ ಎಡ್ಮಂಡ್, ಅವನೂ ನಟನೇ, 1607ರ ಡಿಸೆಂಬರ್ 31ಕ್ಕೆ ಅಲ್ಲಿ ಮಣ್ಣಾದ. ಇಪ್ಪತ್ತೇಳೇ ವರ್ಷ. ಥೇಮ್ಸ್ ನದಿ ಹೆಪ್ಪುಗಟ್ಟಿದ ಚಳಿಗಾಲ ಅದು. ಚರ್ಚಿನ ಒಳಗೆ ಸಮಾಧಿ, ಬೆಳಿಗ್ಗೆ ದೊಡ್ಡ ಗಂಟೆಯ ಮರ್ಯಾದೆ, ಅದಕ್ಕೆ 20 ಶಿಲ್ಲಿಂಗ್ ಎಂದು ಲೆಕ್ಕದಲ್ಲಿದೆ. ಹೆಸರಿಲ್ಲದ ಸಣ್ಣ ನಟನಿಗೆ ಅದು ತುಂಬ ದೊಡ್ಡ ಖರ್ಚು. ಅಣ್ಣನೇ ಕೊಟ್ಟಿರಬೇಕು ಎಂದು ಅಜ್ಜಿ ಹೇಳುತ್ತಾರೆ, ನನಗೂ ಹಾಗೇ ಅನಿಸುತ್ತದೆ. ಕೆಲವು ದಿನ ಪಾಳಿ ಮುಗಿದ ಮೇಲೆ ಆ ಕಲ್ಲಿನ ಹತ್ತಿರ ಐದು ನಿಮಿಷ ನಿಲ್ಲುತ್ತೇನೆ. ಗುಂಡ, ಪುಟ್ಟಿ ಇಬ್ಬರೂ ಕಣ್ಣ ಮುಂದೆ ಬರುತ್ತಾರೆ. ನಾನು ಇಷ್ಟು ದೂರ ಬಂದದ್ದು ಯಾಕೆ? ಅವರಿಗೆ ಬೇಕಾದಾಗ ನಿಲ್ಲಲು. ದುಡ್ಡಿಗಾಗಿ ಈ ಸಂಬಂಧ ಕೈಬಿಡಬೇಡಿ ಅಪ್ಪಯ್ಯ. ಕೈಬಿಡುವುದೇ ಆದರೆ ಮಾಣಿಯ ಗುಣ ನೋಡಿ, ಕುಡಿತ ಇದೆಯಾ ನೋಡಿ, ಮಾತು ಉಳಿಸಿಕೊಳ್ಳುತ್ತಾನಾ ನೋಡಿ.

ಮುಖ್ಯವಾಗಿ ಪುಟ್ಟಿಯನ್ನು ಕೂರಿಸಿ ಒಮ್ಮೆ ಕೇಳಿ. ನೀವು, ಅಮ್ಮ, ಅವಳು, ಮೂರೇ ಜನ. ಅತ್ತೆ ಇರುವಾಗ ಬೇಡ. ರಾತ್ರಿ ಒಬ್ಬಳೇ ಇರಬೇಕಾಗುತ್ತದೆ, ಹಬ್ಬಕ್ಕೆ ಗಂಡ ಮನೆಯಲ್ಲಿ ಇರುವುದಿಲ್ಲ, ಹೆರಿಗೆ ಹೊತ್ತಿಗೂ ಇರದೇ ಹೋಗಬಹುದು. ಇದನ್ನೆಲ್ಲ ಯೋಚಿಸಿದ್ದಾಳಾ ಎಂದು ಕೇಳಿ. ಯೋಚಿಸಿ ಹೌದು ಅಂದರೆ ನನ್ನದೂ ಹೌದು. ತಿರುಗಾಟ ಶುರುವಾದರೆ ಮಾಣಿ ಕೈಗೆ ಸಿಗುವುದಿಲ್ಲ. ದೀಪಾವಳಿಯ ಮೊದಲೇ ಅವರ ಮನೆಗೆ ಹೋಗಿ ಬನ್ನಿ. ದೊಡ್ಡಪ್ಪಯ್ಯನನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರಿಗೆ ಮೇಳದ ವ್ಯವಹಾರ ಗೊತ್ತು.

ನನ್ನ ಚಿಂತೆ ಏನೂ ಬೇಡ. ಚೆನ್ನಾಗಿ ಉಣ್ಣುತ್ತೇನೆ, ಚೆನ್ನಾಗಿ ನಿದ್ದೆ ಮಾಡುತ್ತೇನೆ. ಕುಚ್ಚಲಕ್ಕಿ ಇಲ್ಲಿಯೂ ಸಿಗುತ್ತದೆ. ಕೆಮ್ಮು ಪೂರ್ತಿ ಹೋಗಿದೆ, ನಿಜವಾಗಿ ಹೋಗಿದೆ. ರೂಮು ಬೆಚ್ಚಗಿದೆ. ಹೊಸ ಸ್ವೆಟರ್ ತಗೊಂಡಿದ್ದೇನೆ. ರಾತ್ರಿ ಪಾಳಿ ಈ ತಿಂಗಳು ಕಡಿಮೆ. ನನ್ನ ಮದುವೆ ಮಾತು ಈ ಕಾಗದದಲ್ಲಿ ಬೇಡ, ಮೊದಲು ಪುಟ್ಟಿಯದ್ದು ಆಗಲಿ. ನಿಮ್ಮ ಬಿಪಿ ಮಾತ್ರೆ ಬಿಡಬೇಡಿ, ಅಮ್ಮ ಎಣಿಸಿ ಇಡಲಿ.

ಬಸ್ಸಿನ ಹೊತ್ತಾಯಿತು, ಪಾಳಿಗೆ ಹೊರಡಬೇಕು. ದುಡ್ಡು ಗುಂಡನ ಖಾತೆಗೆ ಹಾಕಿದ್ದೇನೆ. ಮಾಣಿಯ ಮನೆಗೆ ಹೋಗಿ ಬಂದ ದಿನವೇ ಫೋನ್ ಮಾಡಿ, ಇಲ್ಲಿ ಎಷ್ಟು ಹೊತ್ತಾಗಿದ್ದರೂ ಪರವಾಗಿಲ್ಲ.

ನಿಮ್ಮ ಮಗಳು

ಮರೆತಿದ್ದೆ: ಮಾಣಿಯ ದಾಕ್ಷಾಯಿಣಿಯ ವಿಡಿಯೋ ಇದ್ದರೆ ಪುಟ್ಟಿ ಹತ್ತಿರ ಕಳಿಸಲು ಹೇಳಿ. ಅಜ್ಜಿಗೆ ತೋರಿಸಬೇಕು.